ಮೇಸ್ತ್ರಿ ಬಾಸ್ತ್ಯಾಂವನನ್ನು ಹುಡುಕಿದಾಕೆ

ದೋನಾ ಎಫಿಜೇನಿಯಾ ಸೆಮೆದೊ ಅವರು ಮನುಷ್ಯರ ಮಾತಿಗಿಂತ ಮೊದಲು ಅವರ ಉಸಿರನ್ನು ಕೇಳುತ್ತಿದ್ದರು. ಲಿಸ್ಬನ್ನಿನ ಟ್ರಾಮಿನಲ್ಲಿ ಎದುರು ಕೂತ ಅಪರಿಚಿತನೊಬ್ಬ ತನ್ನ ಪಾಡಿಗೆ ತಾನು ಹೆಂಡತಿಯೊಡನೆ ವಾಗ್ವಾದಕ್ಕಿಳಿದಿದ್ದರೆ, ಇವರು ಮುಂದಕ್ಕೆ ಬಾಗಿ, ಅವನ ಮೊಣಕಾಲನ್ನು ಒಂದು ಬೆರಳಿನಿಂದ ತಟ್ಟಿ, "ತಪ್ಪು ಜಾಗದಲ್ಲಿ ಉಸಿರು ತಗೊಳ್ತಿದೀರಿ ಸ್ವಾಮಿ, ಅದಕ್ಕೇ ನಿಮ್ಮ ಮಾತು ಆಯಮ್ಮನಿಗೆ ನಾಟ್ತಾ ಇಲ್ಲ" ಎಂದುಬಿಡುತ್ತಿದ್ದರು. ಅವನು ತಬ್ಬಿಬ್ಬಾಗುತ್ತಿದ್ದ, ಹೆಂಡತಿ ಫಕ್ಕನೆ ನಗುತ್ತಿದ್ದಳು, ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಭಾನುವಾರದ ಪ್ರವಚನದಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ಪಾದ್ರಿಗಳು ಎಲ್ಲಿ ಉಸಿರೆಳೆಯಬೇಕೋ ಅಲ್ಲೆಲ್ಲ ತಾವೇ ಎದೆಯುಬ್ಬಿಸಿ ತೋರಿಸುತ್ತಿದ್ದರು. ಆ ಸಾಧುಪ್ರಾಣಿ ಮೊದಮೊದಲು ಸಿಡಿಮಿಡಿಗೊಂಡು, ಕ್ರಮೇಣ ಶರಣಾಗಿ, ಕೊನೆಗೆ ಇವರಿಲ್ಲದ ದಿನ ಪ್ರವಚನದ ನಡುವೆ ಏದುಸಿರು ಬಿಡುವಂತಾದರು.

ಅವರ ಕೋಟು ನಮ್ಮ ಪೇಟೆಗೆಲ್ಲ ಪರಿಚಿತವಾದದ್ದು. ಟ್ರಾಮು ಚಾಲಕರಾಗಿದ್ದ ಅವರ ತಂದೆಯ ಕಡುನೀಲಿ ಕೋಟು ಅದು. ಭುಜ ಕೆಳಗಿಳಿದಿತ್ತು, ತೋಳನ್ನು ಮಡಚಿ ಮಡಚಿ ಮೇಲೆತ್ತಿದ್ದರು, ಹಿತ್ತಾಳೆಯ ಗುಂಡಿಗಳ ಮೇಲೆ ಕಂಪನಿಯ ಮುದ್ರೆ ಸವೆದು ನುಣುಪಾಗಿತ್ತು. ಬೆಟ್ಟದ ಬೀದಿಗಳ ಕಲ್ಲು ಕಾದು ನಾಯಿಗಳೂ ನೆರಳು ಹುಡುಕುವ ಆಗಸ್ಟ್ ತಿಂಗಳಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಇದರ ಜೇಬುಗಳೇ ನನ್ನ ಮನೆ ಕಣಯ್ಯಾ, ಮನೇನ ಬಿಚ್ಚಿಡ್ತಾರಾ?" ಎನ್ನುತ್ತಿದ್ದರು. ಆ ಜೇಬುಗಳಲ್ಲಿ ಶ್ರುತಿ ಹಿಡಿಯುವ ಉಕ್ಕಿನ ಕವೆ, ಸುಟ್ಟ ಕಸ್ತಾನ್ಯ ಬೀಜಗಳು, ಮುರಿದ ಪೆನ್ಸಿಲುಗಳು, ಯಾರದೋ ಮಗುವಿನ ಒಂದು ಕಾಲುಚೀಲ ಎಲ್ಲವೂ ಸಹಬಾಳ್ವೆ ನಡೆಸುತ್ತಿದ್ದವು. ನಡಿಗೆಯೂ ವಿಚಿತ್ರ. ಭರಭರನೆ ಹೋಗುತ್ತಿದ್ದವರು ನಡುಬೀದಿಯಲ್ಲಿ ಥಟ್ಟನೆ ನಿಂತುಬಿಡುವರು, ಹಿಂದಿನಿಂದ ಬರುತ್ತಿದ್ದವರು ಬಂದು ಡಿಕ್ಕಿ ಹೊಡೆಯುವರು, ಮರುಕ್ಷಣವೇ ಏನೂ ಆಗದವರಂತೆ ಇವರ ಹೆಜ್ಜೆ ಮುಂದುವರಿಯುವುದು. ತಲೆಯೊಳಗೆ ಸದಾ ಯಾವುದೋ ಸಂಗೀತ ಹರಿಯುತ್ತಿದ್ದುದರಿಂದ, ಅದರಲ್ಲಿ ಮೌನ ಬಂದಲ್ಲಿ ಕಾಲೂ ಮೌನವಾಗುತ್ತಿತ್ತೆಂದು ನಮಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ನಾನು ಪತ್ರಿಕಾ ಕಚೇರಿಯೊಂದರಲ್ಲಿ ಕರಡು ತಿದ್ದುತ್ತಿದ್ದವನು. ಅವರ ಗಾಯನವೃಂದದ ಮಂದ್ರಸ್ವರದ ಸಾಲಿಗೆ ನನ್ನನ್ನು ಸೇರಿಸಿಕೊಂಡದ್ದು ಕಂಠ ಕೇಳಿ ಅಲ್ಲ, ಎದೆಯ ಅಗಲ ನೋಡಿ. ಅಭ್ಯಾಸದಲ್ಲಿ ಅವರ ಬಾಯಿಂದ ಅತಿ ಹೆಚ್ಚು ಬರುತ್ತಿದ್ದ ಮಾತು "ಮೊದಲಿಂದ." ಸ್ವರ ತಪ್ಪಿದರೆ ಮೊದಲಿಂದ, ಸರಿಯಾಗಿ ಬಂದರೂ ಖಾತ್ರಿಗಾಗಿ ಮೊದಲಿಂದ. ಮೀನಿನಂಗಡಿಯವಳು ಲೆಕ್ಕ ಒಪ್ಪಿಸುವಾಗಲೂ, ಗೆಳತಿಯೊಬ್ಬಳು ಗಂಡ ಬಿಟ್ಟುಹೋದ ಕಥೆಯನ್ನು ಅಳುತ್ತ ಹೇಳುವಾಗಲೂ, ಕೈಯೆತ್ತಿ "ಮೊದಲಿಂದ" ಎನ್ನುವರು. ಆ ಗೆಳತಿ ಎರಡನೆಯ ಸಲ ಹೇಳುವಷ್ಟರಲ್ಲಿ ಅಳು ನಿಂತು ಸಿಟ್ಟು ಬಂದಿತ್ತಂತೆ. ಸಿಟ್ಟು ಅಳುವಿಗಿಂತ ಆರೋಗ್ಯಕರವೆಂಬುದು ದೋನಾ ಎಫಿಜೇನಿಯಾ ಅವರ ಅಭಿಮತ.

ಅವರ ಮನೆತನ ಲಿಸ್ಬನ್ನಿನಲ್ಲಿ ತಲೆತಲಾಂತರದಿಂದ ನೆಲೆಸಿದ್ದ ಕಪ್ಪುಜನರದು. ಸಂಗೀತ ವಿದ್ಯಾಲಯಕ್ಕೆ ಸೇರಿದ ದಿನ ಬಾಗಿಲ ಕಾವಲಿನವನು "ಯಾವ ಊರಮ್ಮ ನಿಮ್ದು?" ಎಂದು ಕೇಳಿದ್ದನಂತೆ.

"ಇದೇ ಊರು."

"ಅಲ್ಲ, ಮೂಲ ಊರು?"

"ಮಹಾ ಭೂಕಂಪ ಆಗಿ ಈ ಊರೆಲ್ಲ ಬಿದ್ದಾಗ ನಮ್ಮೋರು ಇಲ್ಲೇ ಇದ್ದು ಇಟ್ಟಿಗೆ ಹೊತ್ತವರು. ನಿಮ್ಮೋರು ಆಗ ಎಲ್ಲಿದ್ರು?"

ಅಂದಿನಿಂದ ಅವರಿಗೆ ಬಾಗಿಲು ತೆರೆದೇ ಇರುತ್ತಿತ್ತು.

ಆ ವಿದ್ಯಾಲಯದಲ್ಲಿಯೇ ಅವರ ಬದುಕಿನ ಮಹತ್ಕಾರ್ಯಕ್ಕೆ ಬೀಜ ಬಿದ್ದದ್ದು. ಅಲ್ಲಿನ ಪ್ರೊಫೆಸರ್ ಲೊರೇನ್ಸು ಕಿಂತೇಲ ಅವರು ಹದಿನೆಂಟನೆಯ ಶತಮಾನದ ಅರಮನೆಯ ಇಗರ್ಜಿಯ ಸಂಗೀತವನ್ನು ಶೋಧಿಸಿ ಅಚ್ಚು ಹಾಕಿಸಿದ್ದ ಘನವಿದ್ವಾಂಸರು. ಒಂದು ದಿನ ತರಗತಿಯಲ್ಲಿ ಮಾತೆ ಮೇರಿಯ ನಾಮಾವಳಿಯೊಂದನ್ನು ಹಾಡಿಸಿದರು. ಅರಮನೆಯ ಸಂಗೀತಮುಖ್ಯಸ್ಥನಾಗಿದ್ದ ಬೆರ್ತೊಲಾತ್ಸಿ ಎಂಬ ಇಟಲಿಯವನ ಕೃತಿ ಎಂದು ಅದರ ನೆತ್ತಿಯ ಮೇಲೆ ಅಚ್ಚಾಗಿತ್ತು. ವಿದ್ಯಾರ್ಥಿಗಳು ಹಾಡುತ್ತ ಹೋದಂತೆ ತರುಣಿ ಎಫಿಜೇನಿಯಾರ ಬಲಗಾಲಿನ ಹಿಮ್ಮಡಿ ತನ್ನಷ್ಟಕ್ಕೇ ಮೇಲೆದ್ದು ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬಡಿಯಿತು.

"ಸೆಮೆದೊ, ಕಾಲು!" ಎಂದು ಪ್ರೊಫೆಸರು ಗದರಿದರು.

"ಸಾರ್, ಈ ಹಾಡು ನನಗೆ ಗೊತ್ತು. ನಮ್ಮ ಕಪ್ಪುಜನರ ಭ್ರಾತೃಸಂಘದ ಇಗರ್ಜೀಲಿ ಹಾಡ್ತೀವಿ. ಇಲ್ಲಿ ಒಂದು ಮೌನ ಇರ್ಬೇಕು. ಎಲ್ರೂ ಸುಮ್ಮನಾಗ್ಬೇಕು."

"ಇತ್ತು. ಹಳೇ ಪ್ರತೀಲಿ ಅಂಥ ಖಾಲಿ ಜಾಗ ನಾಲ್ಕು ಕಡೆ ಇತ್ತು. ಅರ್ಥವಿಲ್ಲದ್ದು. ನಕಲು ಮಾಡಿದವನು ನಿದ್ದೆ ತೂಗಿದಾನೆ, ನಾನು ತೆಗೆದುಹಾಕ್ದೆ."

ಮಿಕ್ಕವರೆಲ್ಲ ನಕ್ಕರು. ಎಫಿಜೇನಿಯಾ ನಗಲಿಲ್ಲ. ಅಂದು ಸಂಜೆ ನೇರವಾಗಿ ತಮ್ಮ ಸೋದರತ್ತೆ ಜಾಸಿಂತಳ ಮನೆಗೆ ಹೋದರು. ಆಕೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಬದುಕಿದ ದೊಡ್ಡ ಗಂಟಲಿನ ಹೆಂಗಸು. ಭ್ರಾತೃಸಂಘದ ಮುದುಕಿಯರ ನಾಯಕಿ. ಕೆಂಡದ ಮೇಲೆ ಭೂತಾಯಿ ಮೀನು ಮಗುಚುತ್ತಿದ್ದವಳನ್ನು ಸೊಸೆ ಕೇಳಿದರು:

"ಅತ್ತೇ, ನಾಮಾವಳಿ ಹಾಡೋವಾಗ ನೀವೆಲ್ಲ ಕಾಲು ಯಾಕೆ ಬಡೀತೀರ?"

"ಬಡೀದೆ ಇನ್ನೇನೇ ಮಾಡೋದು? ಅಲ್ಲಿ ಡೋಲು ಬಾರಿಸ್ತಿದ್ರಂತೆ. ಇಗರ್ಜಿ ಒಳಗೆ ಡೋಲು ಬೇಡ ಅಂದ್ರಂತೆ ಪಾದ್ರಿಗಳು, ನಮ್ಮಜ್ಜಿ ಕಾಲದಲ್ಲೇ. ಕಾಲು ಹೊರಗಿಟ್ಟು ಬನ್ನಿ ಅನ್ನಕ್ಕಾಗತ್ತಾ?"

"ಆ ಹಾಡು ಕಟ್ಟಿದ್ದು ಯಾರು?"

"ಅದು ಮೇಸ್ತ್ರಿ ಬಾಸ್ತ್ಯಾಂವಂದು."

"ಅವನು ನಮ್ಮ ಇಗರ್ಜಿ ಗೋಡೆ ಕಟ್ಟಿದ ಮೇಸ್ತ್ರಿ ಅಲ್ವಾ?"

"ಯಾವನೇ ಹಂಗಂದೋನು? ಗೋಡೆ ಕಟ್ಟಿದೋನ ಹೆಸರು ಹಾಡಿಗ್ಯಾಕೆ ಬರುತ್ತೆ? ತಿನ್ನು, ಆರೋಗತ್ತೆ."

ನಮ್ಮ ಪೇಟೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಆ ಹೆಸರನ್ನು ಕೇಳಿದ್ದವರೇ; ಎಲ್ಲರೂ ಅವನನ್ನು ಗಾರೆಕೆಲಸದವನೆಂದೇ ಭಾವಿಸಿದ್ದೆವು. ನಮ್ಮ ಭಾಷೆಯಲ್ಲಿ ಸಂಗೀತಗುರುವಿಗೂ ಮೇಸ್ತ್ರಿ ಎಂಬ ಪದವೇ ಸಲ್ಲುವುದೆಂಬುದು, ನಮ್ಮಂಥವರ ಹೆಸರಿನ ಹಿಂದೆ ಅದು ಬಂದಾಗ, ನಮಗೇ ಹೊಳೆದಿರಲಿಲ್ಲ. ಮುಂದಿನ ಹಲವು ವರ್ಷಗಳ ಕಾಲ ದೋನಾ ಎಫಿಜೇನಿಯಾ ಶಾಲೆಯಲ್ಲಿ ಪಾಠ ಹೇಳಿ ಉಳಿದ ಸಮಯವನ್ನೆಲ್ಲ ಈ ಮೇಸ್ತ್ರಿಯ ಬೆನ್ನಟ್ಟಿ ಕಳೆದರು. ಸಿಕ್ಕಿದ್ದು ಅತ್ಯಲ್ಪ, ಸಿಕ್ಕಿದಷ್ಟೂ ಗಟ್ಟಿ. ಪೂರ್ಣ ಹೆಸರು ಸೆಬಾಸ್ತಿಯಾಂವ್ ವಲಾದಾರೆಸ್; ದಾಸ್ಯದಿಂದ ಬಿಡುಗಡೆ ಪಡೆದ ಕಪ್ಪು ತಾಯಿಯೊಬ್ಬಳ ಮಗ, ಅರಮನೆಯ ಇಗರ್ಜಿಯಲ್ಲಿ ಆಳೆತ್ತರದ ಮಂದ್ರ ಪಿಟೀಲು ನುಡಿಸುತ್ತಿದ್ದವನು, ಭ್ರಾತೃಸಂಘದ ಹಾಡುಗಾರರ ಗುರು. ಅರಮನೆಯ ಪೆಟ್ಟಿಗೆ ಸೇರಿದ ಸಂಗೀತವೆಲ್ಲ ಮುಖ್ಯಸ್ಥನ ಹೆಸರಿಗೇ ಸಂದುಹೋಗುವುದು ಅಂದಿನ ಪರಿಪಾಠ. ಅವನ ನಾಮಾವಳಿಯೂ ಹಾಗೆಯೇ ಸಂದುಹೋಗಿತ್ತು. ಪ್ರೊಫೆಸರ್ ಕಿಂತೇಲ ಇದನ್ನು ಒಪ್ಪಲಿಲ್ಲ. "ಮುದುಕಿಯರ ಕಾಲ್ಬಡಿತ ಸಾಕ್ಷ್ಯವಲ್ಲ" ಎಂದು ಸಭೆಯೊಂದರಲ್ಲಿ ಹೇಳಿದರು. ಆ ಮಾತು ಕೆಲಕಾಲ ಲಿಸ್ಬನ್ನಿನ ಸಂಗೀತಗಾರರ ನಡುವೆ ನಗೆಚಾಟಿಕೆಯಾಗಿ ಓಡಾಡಿತು.

ಮೇಸ್ತ್ರಿ ಬಾಸ್ತ್ಯಾಂವನಿಗೆ ಹೆಸರು ತಂದದ್ದು ಬೇರೊಂದು ಕೃತಿ. ಅದೇ ಪೆಟ್ಟಿಗೆಯಲ್ಲಿ, ಅವನದೇ ಕೈಬರಹದಲ್ಲಿ, ಯಾರ ಹೆಸರೂ ಇಲ್ಲದ ಒಂದು 'ಸಾಲ್ವೆ' ದೊರಕಿತು. ದಿನದ ಕೊನೆಯಲ್ಲಿ ಸ್ವರ್ಗದ ರಾಣಿಗೆ ಸಲ್ಲಿಸುವ ಪ್ರಾರ್ಥನೆ. ಅದರ ಸೌಂದರ್ಯವನ್ನು ಬಣ್ಣಿಸಲು ನನ್ನ ಭಾಷೆ ಸಾಲದು. ಮೇಲುದನಿಯ ಹೆಂಗಸರು ಆರಂಭಿಸಿದೊಡನೆ, ಕತ್ತಲೆಯ ಕೋಣೆಯಲ್ಲಿ ಯಾರೋ ಕಿಟಕಿಯನ್ನು ಸದ್ದಿಲ್ಲದೆ ತೆರೆದಂತಾಗುತ್ತಿತ್ತು. ನಾವು ಅದನ್ನು ಹಾಡಿದೆವು. ರೇಡಿಯೋದವರು ಕೇಳಿ ಬಂದರು. ಒಂದು ವರ್ಷ ಕಳೆಯುವಷ್ಟರಲ್ಲಿ ಲಿಸ್ಬನ್ನಿನ ಕಪ್ಪುಜನರ ಮದುವೆಗಳಲ್ಲಿ, ಶವಸಂಸ್ಕಾರಗಳಲ್ಲಿ, ಅದಿಲ್ಲದೆ ಕಾರ್ಯವಿಲ್ಲವೆಂಬಂತಾಯಿತು. ಟ್ಯಾಕ್ಸಿಯವರು ಸಿಳ್ಳೆಯಲ್ಲಿ ಅದನ್ನು ನುಡಿಸುತ್ತಿದ್ದರು. ನಗರಸಭೆಯವರು ನಮ್ಮ ಇಗರ್ಜಿಯ ಮುಂದಿನ ಚೌಕದಲ್ಲಿ ಬಾಸ್ತ್ಯಾಂವನ ಹೆಸರಿನ ಶಿಲೆಯೊಂದನ್ನು ನಿಲ್ಲಿಸಿ, ಸಾಲ್ವೆಯ ಮೊದಲ ಸಾಲನ್ನು ಅದರಲ್ಲಿ ಕೆತ್ತಿಸುವುದೆಂದು ನಿರ್ಧರಿಸಿದರು. ಭ್ರಾತೃಸಂಘದ ಅಧ್ಯಕ್ಷರಾದ ಸೆನ್ಯೋರ್ ಅದೆಲಿನು ಹೊಸ ಸೂಟು ಹೊಲಿಸಿಕೊಂಡರು.

ನನಗೆ ಮಾತ್ರ ಆ ಹಾಡಿನಲ್ಲಿ ಒಂದು ಸಂಕಟವಿತ್ತು. ಕೆಳದನಿಯ ನಮ್ಮನ್ನು ಅದು ಉಸಿರೆಳೆಯಲು ಬಿಡುತ್ತಿರಲಿಲ್ಲ; ನಡುಭಾಗ ದಾಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ದೂರಿದರೆ ದೋನಾ ಎಫಿಜೇನಿಯಾ "ನಿನಗೆ ಎದೆ ಸಾಲದು, ಮೊದಲಿಂದ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಹಾಗೆನ್ನುವಾಗ ಹುಬ್ಬು ಒಂದಿಷ್ಟು ಗಂಟಿಕ್ಕುವುದನ್ನು ನಾನು ಗಮನಿಸದೆ ಇರಲಿಲ್ಲ.

ಶಿಲೆ ನಿಲ್ಲಿಸುವುದಕ್ಕೆ ಒಂದು ತಿಂಗಳ ಮುಂಚೆ ನೇಪಲ್ಸಿನ ಕನ್ಯಾಮಠವೊಂದರಿಂದ ನಮ್ಮ ವೃಂದಕ್ಕೆ ಆಹ್ವಾನ ಬಂತು. ಇಳಿಮಧ್ಯಾಹ್ನ ಮಠದ ಪುಟ್ಟ ಇಗರ್ಜಿಯಲ್ಲಿ ಹಾಡಿ, ಕೊನೆಗೆ ಸಾಲ್ವೆ ಎತ್ತಿಕೊಂಡೆವು. ಎರಡನೆಯ ಸಾಲಿಗೆ ಬಂದಿದ್ದೆವೋ ಇಲ್ಲವೋ, ಬೆಂಚುಗಳಿಂದ ಒಂದು ಕ್ಷೀಣವಾದ ದನಿ ನಮ್ಮ ಜತೆಗೂಡಿತು. ಮತ್ತೊಂದು ಸೇರಿತು. ನೋಡನೋಡುತ್ತಿದ್ದಂತೆ ಬಿಳಿಯ ಶಿರವಸ್ತ್ರದ ವೃದ್ಧ ಸನ್ಯಾಸಿನಿಯರೆಲ್ಲ ಕಣ್ಣು ಮುಚ್ಚಿ, ಹಾಳೆಯ ಹಂಗಿಲ್ಲದೆ, ಹುಟ್ಟಿದಂದಿನಿಂದ ಬಲ್ಲವರ ನಿರಾಯಾಸದಿಂದ ನಮ್ಮೊಡನೆ ಹಾಡುತ್ತಿದ್ದರು. ದೋನಾ ಎಫಿಜೇನಿಯಾ ಅವರ ಕೈಗಳು ತಾಳ ತಪ್ಪಲಿಲ್ಲ. ಮುಖ ಮಾತ್ರ ಬೂದಿಯಾಯಿತು.

ಹಾಡು ಮುಗಿದ ಮೇಲೆ ಮಠದ ಹಿರಿಯ ತಾಯಿ ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ನಮ್ಮ ಸಂಜೆ ಹಾಡನ್ನ ನಮಗೋಸ್ಕರ ಕಲಿತು ಬಂದಿದೀಯಲ್ಲ ಮಗಳೇ, ಎಂಥ ದೊಡ್ಡ ಮನಸ್ಸು!"

"ತಾಯೀ, ಇದು ನಿಮಗೆ ಎಲ್ಲಿಂದ ಬಂತು?"

"ಎಲ್ಲಿಂದಲೂ ಬರ್ಲಿಲ್ಲ, ಇಲ್ಲೇ ಹುಟ್ಟಿದ್ದು. ಬಾ, ತೋರಿಸ್ತೀನಿ."

ಊಟದ ಮನೆಯ ಗೋಡೆಯಲ್ಲಿ ಸಂಗೀತಗಾರರನ್ನು ಕಾಯುವ ಸಂತ ಸಿಸಿಲಿಯಾಳ ದೊಡ್ಡದೊಂದು ಬಣ್ಣದ ಚಿತ್ರವಿತ್ತು. ಸಂತಳ ಕೈಯಲ್ಲಿ ಬಿಚ್ಚಿದ ಹಾಳೆ. ಆ ಹಾಳೆಯ ಮೇಲೆ ಚಿತ್ರಕಾರನು ಒಂದೊಂದೇ ಸ್ವರ ಬಿಡಿಸಿ ತೋರಿಸಿದ ಸಾಲ್ವೆಯ ಮೊದಲ ಸಾಲು. ಕೆಳಗೆ ಮಠದ ಅಂದಿನ ಸಂಗೀತಗುರುವಿನ ಹೆಸರು ಮತ್ತು ಇಸವಿ. ಬಾಸ್ತ್ಯಾಂವ್ ಹುಟ್ಟುವುದಕ್ಕೆ ಒಂದು ತಲೆಮಾರು ಹಿಂದಿನ ಇಸವಿ ಅದು. ಅವನು ಯಾವ ಪ್ರತಿಯಿಂದಲೋ ಮೆಚ್ಚಿ ನಕಲು ಮಾಡಿಕೊಂಡಿದ್ದ, ಅಷ್ಟೇ.

ದೋನಾ ಎಫಿಜೇನಿಯಾ ನನ್ನ ಕಡೆ ತಿರುಗಿ, "ನಿನ್ನ ಎದೆ ಸರಿಯಾಗೇ ಇತ್ತು ಕಣೋ" ಎಂದರು. "ಬಾಸ್ತ್ಯಾಂವ್ ಮಂದ್ರ ಪಿಟೀಲಿನವನು. ಕೆಳಗಿನ ದನಿಯವರ ಕಷ್ಟ ಗೊತ್ತಿದ್ದೋನು. ನಿನ್ನನ್ನ ಹಾಗೆ ಉಸಿರುಕಟ್ಟಿಸಿ ಅವನು ಸಾಯಿಸ್ತಿರ್ಲಿಲ್ಲ. ನನಗೆ ಅನುಮಾನ ಇತ್ತು. ಬೇಡ ಅಂತ ಅದುಮಿಟ್ಟೆ."

ಊರಿಗೆ ಮರಳುವ ರೈಲಿನಲ್ಲಿ ನಾನು ಮೆಲ್ಲನೆ ಕೇಳಿದೆ: "ಈ ಚಿತ್ರ ಯಾರಿಗೂ ಗೊತ್ತಿಲ್ಲವಲ್ಲ, ದೋನಾ. ಶಿಲೆ ಒಂದು ನಿಂತುಬಿಡಲಿ. ಆಮೇಲೆ ನೋಡೋಣ?"

ಅವರು ಸಿಟ್ಟಾಗಲಿಲ್ಲ. "ಅಲ್ಲಿ ನಮ್ಮ ಅಜ್ಜಿಯರ ಮಾತು ನಂಬಿ ಅಂತ ಊರಿಗೆಲ್ಲ ಸಾರಿದೆ. ಇಲ್ಲಿ ಇವರ ಅಜ್ಜಿಯರ ಮಾತು ಕಿವಿಗೆ ಬೀಳ್ಲಿಲ್ಲ ಅನ್ನಲಾ?" ಎಂದು ಕಿಟಕಿಯ ಕಡೆ ತಿರುಗಿದರು.

ಮುಂದಿನ ಭಾನುವಾರ ಪೂಜೆಯ ನಂತರ ಭ್ರಾತೃಸಂಘದ ಹಜಾರದಲ್ಲಿ ಸೊಪ್ಪಿನ ಸಾರಿನ ಬಟ್ಟಲುಗಳು ಹಬೆಯಾಡುತ್ತಿದ್ದಾಗ, ಅವರು ಎದ್ದು ನಿಂತು, ನಡೆದದ್ದನ್ನು ನಡೆದಂತೆ ಹೇಳಿದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾರಿಗೂ ತಡೆಯಲಾಗಲಿಲ್ಲ.

"ಅಕ್ಕಾ, ತಲೆ ಕೆಟ್ಟಿದೆಯಾ ನಿಮಗೆ?" ಎಂದು ಸೆನ್ಯೋರ್ ಅದೆಲಿನು ಮೇಜು ಗುದ್ದಿದರು. "ನಮ್ಮದು ಅವರು ಎಷ್ಟು ತಗೊಂಡಿಲ್ಲ? ನಮ್ಮ ಹತ್ರ ಅವರದ್ದು ಒಂದು ಹಾಡು ಉಳಿದ್ರೆ ಏನ್ ಮಹಾ!"

"ಅದೆಲಿನು, ಉಸಿರು ತಗೋ."

"ಉಸಿರು ಹಾಳಾಗ್ಲಿ! ಉತ್ತರ ಹೇಳಿ."

"ಬಾಸ್ತ್ಯಾಂವನ ಹಾಡು ತಗೊಂಡೋರೂ ಹೀಗೇ ಅಂದಿರ್ತಾರೆ ಕಣಪ್ಪ. ಒಂದು ಹಾಡು, ಏನ್ ಮಹಾ ಅಂತ."

ಹಜಾರದ ಮೂಲೆಯಿಂದ ವಿಧವೆಯೊಬ್ಬಳು ಎದ್ದಳು. "ನನ್ನ ಗಂಡನ್ನ ಆ ಹಾಡು ಹಾಡಿಸಿ ಮಣ್ಣು ಮಾಡಿದೀನಿ, ದೋನಾ. ನಮ್ಮೋನ ಹಾಡು ಅಂತ ಹಾಡಿಸಿದ್ದು. ಈಗ ನಾನೇನ್ ಮಾಡ್ಲಿ?"

ದೋನಾ ಎಫಿಜೇನಿಯಾ ಮೇಜು ಬಳಸಿ ಆಕೆಯ ಬಳಿಗೆ ಹೋದರು. "ಹಾಡು ಎಲ್ಲಿಗೂ ಹೋಗಿಲ್ಲ ತಂಗೀ. ನಾಳೆ ನನ್ನನ್ನೂ ಅದನ್ನೇ ಹಾಡಿ ಕಳಿಸಿ. ಹೆಸರೊಂದು ಅದರ ಮನೆಗೆ ಹೋಯ್ತು, ಅಷ್ಟೇ."

ಅವರ ಬೆನ್ನಿಗೆ ಅಂದು ನಿಂತವಳು ಒಬ್ಬಳೇ, ಹಲ್ಲುದುರಿ ಕಿವಿ ಮಂದವಾಗಿದ್ದ ಅತ್ತೆ ಜಾಸಿಂತ. ವಿಷಯವೇನೆಂದು ಪಕ್ಕದವಳನ್ನು ಕೂಗಿ ಕೇಳಿ ತಿಳಿದುಕೊಂಡು, ಗಟ್ಟಿಯಾಗಿ ಅಂದಳು: "ಹೋದ್ರೆ ಹೋಗ್ಲಿ ಬಿಡ್ರೇ. ಆ ಹಾಡಲ್ಲಿ ಕಾಲಿಗೆ ಕೆಲಸಾನೇ ಇರ್ಲಿಲ್ಲ."

ಆಮೇಲಿನ ದಿನಗಳು ಕಠಿಣವಾಗಿದ್ದವು. ನಗರಸಭೆ ಶಿಲೆಯ ಮಾತನ್ನು ಮುಂದೂಡಿ, ಮುಂದೂಡಿ, ಮರೆಯಿತು. ನಾನು ಕರಡು ತಿದ್ದುತ್ತಿದ್ದ ಪತ್ರಿಕೆಯಲ್ಲೇ 'ಇಲ್ಲದ ಸಂಗೀತಗಾರ' ಎಂಬ ತಲೆಬರಹ ಬಂತು. ಅದರ ಅಕ್ಷರದೋಷಗಳನ್ನು ನಾನೇ ತಿದ್ದಬೇಕಾಯಿತು. ವೃಂದದ ಅರ್ಧದಷ್ಟು ಜನ ಬಿಟ್ಟುಹೋದರು. ಬೀದಿಯಲ್ಲಿ ಹಿಂದೆ ಟೋಪಿ ತೆಗೆದು ವಂದಿಸುತ್ತಿದ್ದವರು ಅಂಗಡಿಯ ಗಾಜಿನೊಳಗೆ ಏನನ್ನೋ ನೋಡುವವರಂತೆ ಮುಖ ತಿರುಗಿಸಿದರು. ಅಂಥ ಒಂದು ಸಂಜೆ, ಅಳಿದುಳಿದ ನಾವು ಕೆಲವರು ನಾಮಾವಳಿಯನ್ನು ಅಭ್ಯಾಸ ಮಾಡುತ್ತಿದ್ದೆವು. ಸಾಲ್ವೆಯ ಮಾಧುರ್ಯ ಅದರಲ್ಲಿಲ್ಲ. ಸ್ವರಗಳು ಒರಟು, ನಡೆ ಬಿಗಿ. ಆದರೆ ನಾಲ್ಕೂ ದನಿಗಳು ಒಂದನ್ನೊಂದು ಕಾದು, ಒಂದರ ಹೆಗಲ ಮೇಲೊಂದು ಕೈಯಿಟ್ಟು, ಕಡಿದಾದ ಏರನ್ನು ಹತ್ತುವವರ ಹಾಗೆ ಮುಂದೆ ಸಾಗುತ್ತವೆ. ಇದ್ದಕ್ಕಿದ್ದಂತೆ ಎಲ್ಲರೂ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ನೆಲ ಒಮ್ಮೆ ಗುಡುಗುತ್ತದೆ. ಹಾಡು ಮುಗಿದಾಗ ಹಿಂದಿನ ಬೆಂಚಿನಲ್ಲಿ ಊರುಗೋಲಿನ ಸದ್ದಾಯಿತು. ಪ್ರೊಫೆಸರ್ ಕಿಂತೇಲ ಯಾವಾಗ ಬಂದು ಕೂತಿದ್ದರೋ ನಾವು ಕಂಡಿರಲಿಲ್ಲ.

"ಸೆಮೆದೊ, ಇದನ್ನ ನಾನು ನಕಲುಗಾರನ ನಿದ್ದೆ ಅಂದಿದ್ದೆ."

"ಹೌದು ಸಾರ್."

"ನಿದ್ದೆ ನಂದು." ಅವರು ಊರುಗೋಲನ್ನು ಬೆಂಚಿಗೆ ಒರಗಿಸಿದರು. "ಇಷ್ಟು ವರ್ಷವೂ ನೀನು ನಿನ್ನವರ ಪರ ವಕಾಲತ್ತು ಮಾಡ್ತಿದೀಯ ಅಂದ್ಕೊಂಡಿದ್ದೆ. ಅದಕ್ಕೇ ನೀನು ಹೇಳಿದ್ದನ್ನ ಕಿವಿಗೆ ಹಾಕ್ಕೊಳ್ಳಲಿಲ್ಲ. ವಕೀಲರು ಕೈಗೆ ಬಂದದ್ದನ್ನ ಎದುರು ಪಕ್ಷಕ್ಕೆ ಬಿಟ್ಟುಕೊಡಲ್ಲ, ನೀನು ಕೊಟ್ಟೆ. ಇನ್ನೊಂದು ಸಲ ಕೇಳಿಸ್ತೀಯಾ?"

"ಮೊದಲಿಂದ" ಎಂದು ನಮ್ಮ ಕಡೆ ತಿರುಗಿದವರು, ಹಾಗೆಯೇ ಹಿಂತಿರುಗಿ ನೋಡಿ, "ಈ ಸಲ ನಿಮ್ಮ ಕಾಲೂ ಬೇಕು ಸಾರ್" ಎಂದರು.

ಎರಡು ವರ್ಷಗಳ ನಂತರ ಪ್ರೊಫೆಸರ್ ಕಿಂತೇಲರು ತಮ್ಮ ಗ್ರಂಥದ ಹೊಸ ಆವೃತ್ತಿ ತಂದರು. ನಾಮಾವಳಿಯ ನಾಲ್ಕು ಮೌನಗಳೂ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ನೆತ್ತಿಯ ಮೇಲೆ ಸೆಬಾಸ್ತಿಯಾಂವ್ ವಲಾದಾರೆಸ್ ಎಂಬ ಹೆಸರಿತ್ತು. ಅದರೊಂದಿಗೆ ಅವನದೆಂದು ನಿರ್ವಿವಾದವಾಗಿ ಸಿದ್ಧವಾದ ಒಂದು ಕ್ರಿಸ್ತಜಯಂತಿಯ ಹಾಡು, ಎರಡು ಪವಿತ್ರವಾರದ ಗೀತೆಗಳು. ಇಷ್ಟೇ ಅವನ ಆಸ್ತಿ. ಒಂದು ಸಂಜೆಯಲ್ಲಿ ಇಡಿಯಾಗಿ ಹಾಡಿ ಮುಗಿಸಿ, ಊಟದ ಹೊತ್ತಿಗೆ ಮನೆ ಸೇರಬಹುದು. ಆದರೆ ಅದರಲ್ಲಿ ಯಾರೂ ಬೆರಳಿಟ್ಟು ಇದು ಅವನದಲ್ಲವೆಂದು ಹೇಳಲಾಗದು. ಇಂದು ಪ್ಯಾರಿಸ್ಸಿನಲ್ಲಿ, ವಿಯೆನ್ನಾದಲ್ಲಿ, ಅವನ ಹೆಸರನ್ನು ಉಚ್ಚರಿಸಲು ನಾಲಗೆ ತಡವರಿಸುವ ಜನ ಅವನನ್ನು ಹಾಡುತ್ತಾರೆ. ಬಿಟ್ಟುಹೋಗಿದ್ದ ನಮ್ಮ ಗಾಯಕರು ಒಬ್ಬೊಬ್ಬರಾಗಿ ಹಿಂದಿರುಗಿದರು. ಸೆನ್ಯೋರ್ ಅದೆಲಿನು ಕೂಡ ಒಂದು ದಿನ ಅದೇ ಹೊಸ ಸೂಟಿನಲ್ಲಿ ಬಂದು, ಏನೂ ನಡೆದೇ ಇಲ್ಲವೆಂಬಂತೆ, ನನ್ನ ಪಕ್ಕದಲ್ಲಿ ನಿಂತರು. ದೋನಾ ಎಫಿಜೇನಿಯಾ ಅವರು ಸ್ವರಹಾಳೆಯನ್ನು ಅವರ ಕೈಗಿತ್ತು, ಕತ್ತಿನ ಪಟ್ಟಿಯನ್ನು ಸರಿಪಡಿಸಿ, ಮುಂದೆ ನಡೆದರು.

ಅವರು ತೀರಿಕೊಂಡು ಈಗ ಕೆಲವು ಚಳಿಗಾಲಗಳು ಕಳೆದವು. ಅವರನ್ನು ನೆನೆದಾಗಲೆಲ್ಲ ನನಗನ್ನಿಸುವುದುಂಟು: ವಿಸ್ಮೃತರಾದವರನ್ನು ಅರಸಿ ಹೊರಟವರು ಲೋಕದಲ್ಲಿ ವಿರಳವಲ್ಲ. ಅವರಲ್ಲಿ ಬಹುಮಂದಿ, ಬಹಳ ದಿನ ಹಸಿದಿದ್ದವರಿಗೆ ಬಡಿಸುವ ಭರದಲ್ಲಿ, ನೆರೆಮನೆಯ ಪಾತ್ರೆಯಿಂದಲೂ ಒಂದು ಸೌಟು ಬಡಿಸಿಬಿಡುತ್ತಾರೆ. ಆ ಅತಿರೇಕವು ಪ್ರೀತಿಯಿಂದಲೇ ಹುಟ್ಟುವಂಥದು; ಅದನ್ನು ಹಳಿಯಲು ನನಗೆ ಮನಸ್ಸು ಬಾರದು. ಆದರೆ ಕಾಲವು ಅನ್ಯಾಯವಾಗಿ ಕುಗ್ಗಿಸಿದವನನ್ನು ತಾವು ಹಿಗ್ಗಿಸಲು ಹೋಗದೆ, ಅವನದೇ ಎತ್ತರದಲ್ಲಿ ಅವನನ್ನು ನಿಲ್ಲಿಸಿ, ಅವನ ಪಕ್ಕದಲ್ಲಿ ತಾವೂ ನಿಂತು, ಇಷ್ಟು ಸಾಕು, ಇದು ಇವನದು ಎಂದು ತಲೆಯೆತ್ತಿ ಹೇಳಬಲ್ಲವರು ಎಲ್ಲೋ ಒಬ್ಬಿಬ್ಬರು. ಬದುಕಿರುವವರ ಚಪ್ಪಾಳೆಗಿಂತ ಸತ್ತವನ ಮಾನ ದೊಡ್ಡದೆಂದು ಬಗೆದ ಅಂಥವರಿಗೆ ತಮ್ಮವರಿಂದಲೇ ಒಂದಷ್ಟು ಕಾಲ ಏಕಾಂತದ ಶಿಕ್ಷೆ ಕಾದಿರುತ್ತದೆ. ಅದನ್ನು ಅವರು ಗೊಣಗದೆ ಅನುಭವಿಸುತ್ತಾರೆ. ಆಮೇಲೆ, ಅವರು ಕೈಹಿಡಿದು ಕರೆತಂದು ನಿಲ್ಲಿಸಿದವನನ್ನು ಆ ಜಾಗದಿಂದ ಕದಲಿಸಲು ಯಾರಿಂದಲೂ ಆಗುವುದಿಲ್ಲ.